ಕುದುರೆ ಪಂದ್ಯದ ನೋಟಕರನ್ನು ಎಣಿಸುವ ಬಗೆ

ಒಂಬತ್ತನೆಯ ತರಗತಿಯಲ್ಲಿ ಸರಾಸರಿಯ ಪಾಠವನ್ನು ಹೇಳುತ್ತಿದ್ದಾಗ ವಿದ್ಯಾರ್ಥಿಯೊಬ್ಬನು ಪತ್ರಿಕೆಯ ತುಣುಕೊಂದನ್ನು ತಂದು ನನ್ನ ಮೇಜಿನ ಮೇಲಿಟ್ಟನು. ಅಮೆರಿಕದ ಕೆಂಟಕಿ ಡರ್ಬಿ ಎಂಬ ಕುದುರೆ ಪಂದ್ಯವನ್ನು 2024ರಲ್ಲಿ ದೂರದರ್ಶನದ ಮೂಲಕ ಸರಾಸರಿ 1 ಕೋಟಿ 67 ಲಕ್ಷ ಜನರು ನೋಡಿದರೆಂದು ಅದರಲ್ಲಿ ಅಚ್ಚಾಗಿತ್ತು. "ಸರ್, ಇಷ್ಟು ಜನರನ್ನು ಎಣಿಸಿದವರು ಯಾರು?" ಎಂಬುದು ಅವನ ಪ್ರಶ್ನೆ. ನಾನು ಉತ್ತರವನ್ನು ಆರಂಭಿಸುವಷ್ಟರಲ್ಲಿ ಗಂಟೆ ಬಾರಿಸಿತು. ಅಂದು ಅರ್ಧಕ್ಕೆ ನಿಂತ ಪಾಠವನ್ನು ಇಲ್ಲಿ ಪೂರ್ಣಗೊಳಿಸುತ್ತಿದ್ದೇನೆ. ಕುದುರೆ ಪಂದ್ಯವೆಂದೊಡನೆ ಜೂಜಿನ ನೆನಪಾಗುವುದು ಸಹಜ. ಶಾಲೆಯ ಸಂಚಿಕೆಯಲ್ಲಿ ಇದಕ್ಕೇನು ಸ್ಥಳವೆಂದು ಹಿರಿಯರು ಕೇಳಬಹುದು. ಕೊನೆಯವರೆಗೆ ಓದಿದರೆ ಅವರಿಗೂ ಸಮಾಧಾನವಾದೀತೆಂದು ನಂಬಿದ್ದೇನೆ.

ಮೊದಲು ಇತಿಹಾಸವನ್ನು ಸ್ವಲ್ಪ ನೋಡೋಣ. ಪಂದ್ಯಗಳು ಮನೆಯೊಳಗೆ ಬರುವುದಕ್ಕೆ ಮುಂಚೆಯೇ ಚಲಚ್ಚಿತ್ರದ ಕ್ಯಾಮೆರಾ ಪಂದ್ಯದ ಅಂಗಳವನ್ನು ಸೇರಿತ್ತು. 1913ರ ಜೂನ್ 4ರಂದು ಇಂಗ್ಲೆಂಡಿನ ಎಪ್ಸಂ ಡರ್ಬಿಯಲ್ಲಿ, ಸ್ತ್ರೀಯರ ಮತಾಧಿಕಾರಕ್ಕಾಗಿ ಹೋರಾಡುತ್ತಿದ್ದ ಎಮಿಲಿ ಡೇವಿಸನ್ ಎಂಬಾಕೆ ಓಡುತ್ತಿದ್ದ ಕುದುರೆಗಳ ನಡುವೆ ನುಗ್ಗಿ, ದೊರೆಯ ಕುದುರೆಗೆ ಸಿಲುಕಿ ಬಿದ್ದು, ನಾಲ್ಕು ದಿನಗಳ ಮೇಲೆ ಮರಣ ಹೊಂದಿದಳು. ಆ ದೃಶ್ಯವು ಕ್ಯಾಮೆರಾದಲ್ಲಿ ದಾಖಲಾಗಿ ಚಿತ್ರಮಂದಿರಗಳಲ್ಲಿ ಪ್ರದರ್ಶಿತವಾಯಿತು. ನಡೆದುದನ್ನು ಎಲ್ಲರೂ ಕಂಡರು. ಆದರೆ ಆಕೆಯ ಮನಸ್ಸಿನಲ್ಲಿದ್ದುದು ಏನೆಂಬುದರ ಬಗ್ಗೆ ಚರ್ಚೆ ಇಂದಿಗೂ ನಿಂತಿಲ್ಲ. ಚಿತ್ರವು ಘಟನೆಯನ್ನು ತೋರಿಸಬಲ್ಲುದು, ಅದರ ಅರ್ಥವನ್ನಲ್ಲ. ಈ ಮಾತನ್ನು ನೆನಪಿನಲ್ಲಿಡಿರಿ.

1927ರಲ್ಲಿ ಲಿವರ್‌ಪೂಲ್ ಬಳಿಯ ಏಯಿಂಟ್ರಿಯಲ್ಲಿ ನಡೆದ ಗ್ರ್ಯಾಂಡ್ ನ್ಯಾಷನಲ್ ಪಂದ್ಯದ ವೀಕ್ಷಕ ವಿವರಣೆಯನ್ನು ಬಿ.ಬಿ.ಸಿ. ರೇಡಿಯೋ ಮೊದಲ ಬಾರಿಗೆ ಪ್ರಸಾರ ಮಾಡಿತು. 1931ರಲ್ಲಿ ಜಾನ್ ಲೋಗಿ ಬೇರ್ಡ್ ಎಪ್ಸಂ ಡರ್ಬಿಯ ಮಸುಕು ಚಿತ್ರಗಳನ್ನು ದೂರದರ್ಶನದಲ್ಲಿ ಕಳುಹಿಸಿದನು; ಮರುವರ್ಷ ಅದೇ ಪಂದ್ಯವನ್ನು ಲಂಡನ್ನಿನ ಚಿತ್ರಮಂದಿರವೊಂದರಲ್ಲಿ ಜನರು ಕುಳಿತು ನೋಡಿದರು. 1952ರಲ್ಲಿ ಕೆಂಟಕಿ ಡರ್ಬಿಯು ಅಮೆರಿಕದಾದ್ಯಂತ ಪ್ರಸಾರವಾಯಿತು. 1960ರಲ್ಲಿ ಗ್ರ್ಯಾಂಡ್ ನ್ಯಾಷನಲ್ ಕೂಡ ದೂರದರ್ಶನಕ್ಕೆ ಬಂದಿತು.

ಇದರಿಂದ ಆದ ಲಾಭಕ್ಕೆ ಒಂದೇ ನಿದರ್ಶನ ಸಾಕು. ಗ್ರ್ಯಾಂಡ್ ನ್ಯಾಷನಲ್ ನಾಲ್ಕು ಮೈಲಿಗೂ ಮೀರಿದ ಓಟ. ಕುದುರೆಗಳು ಎರಡು ಸುತ್ತುಗಳಲ್ಲಿ 30 ಬಾರಿ ಬೇಲಿಗಳನ್ನು ಹಾರಬೇಕು. 1967ರ ಪಂದ್ಯದಲ್ಲಿ, ಜನರು ಕುಳಿತಿದ್ದ ಕಟ್ಟೆಯಿಂದ ಬಹುದೂರದಲ್ಲಿದ್ದ 23ನೆಯ ಬೇಲಿಯ ಮುಂದೆ, ಸವಾರನನ್ನು ಕಳೆದುಕೊಂಡ ಕುದುರೆಯೊಂದು ಅಡ್ಡ ತಿರುಗಿತು. ಹಿಂದೆ ಬಂದ ಕುದುರೆಗಳೆಲ್ಲ ಒಂದರ ಮೇಲೊಂದು ನುಗ್ಗಿ ನಿಂತವು. ತೀರ ಹಿಂದುಳಿದಿದ್ದ ಫೊಯ್ನವಾನ್ ಎಂಬ ಕುದುರೆ ಆ ಗೊಂದಲದ ಸಂದಿಯಲ್ಲಿ ನುಸುಳಿ, ಬೇಲಿ ಹಾರಿ, ಒಂಟಿಯಾಗಿ ಓಡಿ ಗೆದ್ದಿತು. ಅದು ಗೆಲ್ಲುವುದೆಂಬ ಆಸೆ ಯಾರಿಗೂ ಇರಲಿಲ್ಲ. ಅದನ್ನು ಪಳಗಿಸಿದವನು ಆ ದಿನ ಬೇರೊಂದು ಊರಿನ ಪಂದ್ಯಕ್ಕೆ ಹೋಗಿದ್ದನು! ಆ ಬೇಲಿಯ ಬಳಿಯಲ್ಲಿ ಕ್ಯಾಮೆರಾವೂ ವಿವರಣಕಾರನೂ ಇದ್ದುದರಿಂದ, ಅಂಗಳದಲ್ಲಿದ್ದ ಸಹಸ್ರಾರು ಜನರಿಗೆ ಕಾಣದುದು ಮನೆಯಲ್ಲಿ ಕುಳಿತವರಿಗೆ ಕಂಡಿತು. ಇಂದು ಆ ಬೇಲಿಗೆ ಫೊಯ್ನವಾನ್ ಎಂದೇ ಹೆಸರು.

ಇನ್ನು ನಮ್ಮ ವಿದ್ಯಾರ್ಥಿಯ ಪ್ರಶ್ನೆಗೆ ಬರೋಣ. ನಮ್ಮ ಶಾಲೆಯ ವಾರ್ಷಿಕೋತ್ಸವವನ್ನೇ ಉದಾಹರಣೆಯಾಗಿ ಇಟ್ಟುಕೊಳ್ಳಿರಿ. ಮೊದಲ ಗಂಟೆಯಲ್ಲಿ ಸಭೆಯಲ್ಲಿ 100 ಜನರು, ನಾಟಕ ನಡೆಯುವ ಎರಡನೆಯ ಗಂಟೆಯಲ್ಲಿ 300 ಜನರು, ವಂದನಾರ್ಪಣೆಯ ಮೂರನೆಯ ಗಂಟೆಯಲ್ಲಿ 200 ಜನರು ಇದ್ದರೆನ್ನಿ. ಸರಾಸರಿ ಸಭಿಕರು 200. ಅತ್ಯಧಿಕ ಸಂಖ್ಯೆ 300. ಬಂದು ಹೋದವರನ್ನೆಲ್ಲ ಸೇರಿಸಿದರೆ ಬಹುಶಃ 400. ಮೂರು ಸಂಖ್ಯೆಗಳೂ ನಿಜವೇ. ಆದರೆ ವರದಿ ಬರೆಯುವವನು ತನಗೆ ಬೇಕಾದುದನ್ನು ಆರಿಸಿಕೊಳ್ಳಬಲ್ಲನು.

ದೂರದರ್ಶನದ ಲೆಕ್ಕವೂ ಹೀಗೆಯೇ. 2024ರ ಕೆಂಟಕಿ ಡರ್ಬಿಯ ಸರಾಸರಿ ನೋಟಕರು 1 ಕೋಟಿ 67 ಲಕ್ಷವಾದರೆ, ಅದೇ ಪ್ರಸಾರದ ಅತ್ಯಧಿಕ ಸಂಖ್ಯೆ 2 ಕೋಟಿ 1 ಲಕ್ಷ. ಓಟ ನಡೆಯುವುದು ಸುಮಾರು ಎರಡೇ ನಿಮಿಷ. ಪ್ರಸಾರ ನಡೆಯುವುದು ಗಂಟೆಗಟ್ಟಲೆ. ಆದುದರಿಂದ ಎರಡು ಸಂಖ್ಯೆಗಳಿಗೂ ಅಂತರವಿರುವುದು ಸಹಜ. ಬ್ರಿಟನ್ನಿನಲ್ಲಿ 2019ರ ಗ್ರ್ಯಾಂಡ್ ನ್ಯಾಷನಲ್ಲನ್ನು ಅತ್ಯಧಿಕವೆಂದರೆ 96 ಲಕ್ಷ ಜನರು ನೋಡಿದರು. ಒಂದರ ಸರಾಸರಿಯನ್ನು ಇನ್ನೊಂದರ ಅತ್ಯಧಿಕದೊಡನೆ ಹೋಲಿಸುವುದು ಒಂದು ಬಟ್ಟೆಯನ್ನು ಗಜದಲ್ಲಿಯೂ ಇನ್ನೊಂದನ್ನು ಮೊಳದಲ್ಲಿಯೂ ಅಳೆದಂತೆ. ಅತ್ಯಧಿಕವನ್ನು ಅತ್ಯಧಿಕದೊಡನೆ ಇಟ್ಟು, ಜನಸಂಖ್ಯೆಯನ್ನೂ ಗಮನಿಸಿರಿ. ಸುಮಾರು 34 ಕೋಟಿ ಜನರಿರುವ ಅಮೆರಿಕದಲ್ಲಿ ಹದಿನೇಳು ಜನರಿಗೆ ಒಬ್ಬನು ನೋಡಿದನು. 6 ಕೋಟಿ 70 ಲಕ್ಷದಷ್ಟು ಜನರಿದ್ದ ಬ್ರಿಟನ್ನಿನಲ್ಲಿ ಏಳು ಜನರಿಗೆ ಒಬ್ಬನು. ಸಣ್ಣದಾಗಿ ಕಂಡ ಸಂಖ್ಯೆಯೇ ಈಗ ದೊಡ್ಡದಾಯಿತು!

ಎಣಿಸಿದವರು ಯಾರು? ಮನೆಮನೆಗೂ ಹೋಗಿ ಯಾರೂ ಎಣಿಸಲಿಲ್ಲ. ಅನ್ನ ಬೆಂದಿದೆಯೇ ಎಂದು ತಿಳಿಯಲು ತಾಯಿಯು ಒಂದೆರಡು ಅಗುಳನ್ನು ಹಿಚುಕಿ ನೋಡುವುದಿಲ್ಲವೇ? ಬ್ರಿಟನ್ನಿನಲ್ಲಿ 1981ರಿಂದ ಬಾರ್ಬ್ ಎಂಬ ಸಂಸ್ಥೆಯೂ ಅಮೆರಿಕದಲ್ಲಿ ನೀಲ್ಸನ್ ಸಂಸ್ಥೆಯೂ ಆಯ್ದ ಸಾವಿರಾರು ಮನೆಗಳಲ್ಲಿ ಮಾಪಕಗಳನ್ನಿಟ್ಟು, ಯಾರು ಯಾವಾಗ ಏನನ್ನು ನೋಡಿದರೆಂದು ಗುರುತಿಸಿ, ಅದರಿಂದ ದೇಶದ ಲೆಕ್ಕವನ್ನು ಊಹಿಸುತ್ತವೆ. ಆದರೆ ತಾಯಿಯು ಮೊದಲು ಸೌಟಿನಿಂದ ತಿರುವಿ ಅಗುಳನ್ನು ತೆಗೆಯುತ್ತಾಳೆ. ಹಳ್ಳಿ, ಪಟ್ಟಣ, ಬಡವ, ಬಲ್ಲಿದ, ಮುದುಕ, ಹುಡುಗ ಎಲ್ಲರೂ ತಕ್ಕ ಪ್ರಮಾಣದಲ್ಲಿ ಆ ಮನೆಗಳಲ್ಲಿ ಇರದಿದ್ದರೆ ಲೆಕ್ಕವು ತಪ್ಪುವುದು.

ಎಣಿಸುವುದು ಯಾರಿಗಾಗಿ? ಇದು ಎಲ್ಲಕ್ಕಿಂತ ಮುಖ್ಯವಾದ ಪ್ರಶ್ನೆ. ನೋಟಕರ ಸಂಖ್ಯೆಯ ಮೇಲೆ ಜಾಹೀರಾತಿನ ದರ ನಿಲ್ಲುತ್ತದೆ. ಜಾಹೀರಾತಿನ ಹಣದಿಂದ ಪ್ರಸಾರದ ಹಕ್ಕನ್ನು ಕೊಳ್ಳುತ್ತಾರೆ. ಅಂದರೆ, ನಾವು ಪಂದ್ಯವನ್ನು ನೋಡುತ್ತಿದ್ದೇವೆಂದು ಭಾವಿಸಿರುವಾಗ ನಮ್ಮ ನೋಟವೇ ಮಾರಾಟವಾಗುತ್ತಿರುತ್ತದೆ. 2019ರಲ್ಲಿ ಬ್ರಿಟನ್ನಿನ ಜೂಜಿನ ಕಂಪನಿಗಳು ರಾತ್ರಿ 9 ಗಂಟೆಗೆ ಮೊದಲು ಕ್ರೀಡೆಗಳ ನೇರ ಪ್ರಸಾರದ ನಡುವೆ ತಮ್ಮ ಜಾಹೀರಾತುಗಳನ್ನು ನಿಲ್ಲಿಸಿದವು. ಕುದುರೆ ಪಂದ್ಯಕ್ಕೆ ಮಾತ್ರ ವಿನಾಯಿತಿ ಉಳಿಯಿತು. ಮಕ್ಕಳೂ ಕುಳಿತು ನೋಡುವ ಹಗಲಿನ ಪಂದ್ಯ ಅದು. ಜೂಜಿನಿಂದ ರಾಜ್ಯವನ್ನೇ ಕಳೆದುಕೊಂಡ ಧರ್ಮರಾಯನ ಕಥೆ ಕೇಳಿ ಬೆಳೆದ ನಮಗೆ ಇದರ ಅಪಾಯವನ್ನು ಬಿಡಿಸಿ ಹೇಳಬೇಕಾಗಿಲ್ಲ.

ನೋಟಕ್ಕೆ ಕೇಡು ಮಾಡುವ ಶಕ್ತಿ ಇರುವಂತೆಯೇ ಒಳಿತು ಮಾಡುವ ಶಕ್ತಿಯೂ ಇದೆ. 2012ರ ಗ್ರ್ಯಾಂಡ್ ನ್ಯಾಷನಲ್ಲಿನಲ್ಲಿ ಎರಡು ಕುದುರೆಗಳು ಸತ್ತವು. ಲಕ್ಷಾಂತರ ಜನರು ನೋಡುತ್ತಿದ್ದ ಪಂದ್ಯ. ಖಂಡನೆಯೂ ಅಷ್ಟೇ ದೊಡ್ಡದಾಗಿ ಎದ್ದಿತು. 2013ರಲ್ಲಿ ಬೇಲಿಗಳ ಒಳಗಿದ್ದ ಗಟ್ಟಿ ಮರವನ್ನು ತೆಗೆದು, ಬಾಗುವ ಪ್ಲಾಸ್ಟಿಕ್ಕನ್ನು ಅಳವಡಿಸಿದರು. 2023ರಲ್ಲಿ ಪ್ರಾಣಿದಯಾಪರರು ಅಂಗಳಕ್ಕೆ ನುಗ್ಗಿದ್ದರಿಂದ ಪಂದ್ಯವು ತಡವಾಯಿತು. ಅಂದು ಮೊದಲ ಬೇಲಿಯಲ್ಲಿಯೇ ಒಂದು ಕುದುರೆ ಸತ್ತಿತು. 2024ರಿಂದ ಕುದುರೆಗಳ ಗರಿಷ್ಠ ಸಂಖ್ಯೆಯನ್ನು 40ರಿಂದ 34ಕ್ಕೆ ಇಳಿಸಿದರು. ಯಾರೂ ನೋಡದ ಕಡೆ ಸತ್ತಿದ್ದರೆ ಈ ಮೂಕಪ್ರಾಣಿಗಳ ಪರವಾಗಿ ಇಷ್ಟು ಕೂಗು ಏಳುತ್ತಿರಲಿಲ್ಲ.

ಕೊನೆಯದಾಗಿ ಒಂದು ವಿಚಿತ್ರ ಸಂಗತಿ. 2020ರಲ್ಲಿ ಕೊರೋನಾ ರೋಗದ ದೆಸೆಯಿಂದ ಗ್ರ್ಯಾಂಡ್ ನ್ಯಾಷನಲ್ ನಡೆಯಲಿಲ್ಲ. ಅದರ ಬದಲು ಗಣಕಯಂತ್ರವು ರಚಿಸಿದ ಕಲ್ಪಿತ ಓಟವನ್ನು ಪ್ರಸಾರ ಮಾಡಿದರು. ಅಂಗಳದಲ್ಲಿ ಒಂದು ಕುದುರೆಯೂ ಓಡಲಿಲ್ಲ. ಆದರೂ 48 ಲಕ್ಷದವರೆಗೆ ಜನರು ಅದನ್ನು ನೋಡಿದರು. ಅದರ ಮೇಲೆಯೂ ಪಣ ಕಟ್ಟಿದರು. ಆ ಲಾಭವು ಆರೋಗ್ಯ ಸೇವೆಯ ಧರ್ಮನಿಧಿಗೆ ಸಂದಿತು. ಇಲ್ಲದ ಕುದುರೆಯ ಓಟವನ್ನು ನೋಡಿದವರ ಲೆಕ್ಕವೂ ಸರಿಯಾದ ಲೆಕ್ಕವೇ! ಸಂಖ್ಯೆಯು ಎಷ್ಟು ಜನರು ನೋಡಿದರೆಂದು ಹೇಳುತ್ತದೆ. ನೋಡಿದುದು ಏನು, ಅದು ನೋಡತಕ್ಕುದೇ ಎಂಬುದನ್ನು ಹೇಳುವುದಿಲ್ಲ. ಅದನ್ನು ತೀರ್ಮಾನಿಸಬೇಕಾದವರು ನಾವೇ.

ಆದುದರಿಂದ ವಿದ್ಯಾರ್ಥಿಗಳೇ, ಮುಂದೆ ಯಾವ ಪತ್ರಿಕೆಯಲ್ಲಾದರೂ "ಇಷ್ಟು ಕೋಟಿ ಜನರು ನೋಡಿದರು" ಎಂದು ಓದಿದಾಗ ಮೂರು ಪ್ರಶ್ನೆಗಳನ್ನು ಕೇಳಿರಿ: ಇದು ಸರಾಸರಿಯೋ ಅತ್ಯಧಿಕವೋ? ಎಣಿಸಿದ ಬಗೆ ಹೇಗೆ? ಎಣಿಸಿದ್ದು ಯಾರ ಪ್ರಯೋಜನಕ್ಕೆ? ಅಂದು ಗಂಟೆ ಬಾರಿಸಿದ್ದರಿಂದ ಉತ್ತರ ಸಿಗದೆ ಹೋದ ಆ ಹುಡುಗನು ಮೂರರಲ್ಲಿ ಒಂದನ್ನು ತಾನಾಗಿಯೇ ಕೇಳಿದ್ದನು. ಉಳಿದೆರಡನ್ನು ಕೇಳಲು ಕಲಿತರೆ ಅವನ ಗಣಿತವು ಪರೀಕ್ಷೆಯ ಆಚೆಗೂ ಅವನನ್ನು ಕಾಯುವುದು.