ಕ್ಯಾಮೆರಾ ತೆಗೆಯುವ ಮೊದಲು ಕೈಯಲ್ಲಿರಬೇಕಾದ ಕಾಗದ

ಮುಂಡಗೋಡ ತಾಲ್ಲೂಕಿನ ಚಿಗಳ್ಳಿ ಸುತ್ತಮುತ್ತ ವಿಡಿಯೊ ಮಾಡುವವರಿಗೆ ದೃಶ್ಯಗಳಿಗೆ ಬರವಿಲ್ಲ. ಎಣ್ಣೆಯಿಲ್ಲದೆ ಉರಿಯುತ್ತಿದ್ದ ದೀಪಗಳೆಂಬ ಸುದ್ದಿಯಿಂದ ಹೆಸರಾದ ದೀಪನಾಥೇಶ್ವರ ದೇವಸ್ಥಾನ ಊರಲ್ಲೇ ಇದೆ. ಅದೇ ತಾಲ್ಲೂಕಿನಲ್ಲಿ ಅತ್ತಿವೇರಿ ಪಕ್ಷಿಧಾಮವಿದೆ, ಟಿಬೆಟನ್ ಕಾಲೊನಿಯ ಮಠಗಳಿವೆ. ಹಳಿಯಾಳದ ಕಡೆ ಸಿದ್ದಿಗಳ ಹಾಡು ಕುಣಿತ, ದಾಂಡೇಲಿ ಜೋಯಿಡಾಕ್ಕೆ ಹೋದರೆ ಕಾಳಿಯ ಕಾಡು. ಫೋನೊಂದಿದ್ದರೆ ಕಿರುಚಿತ್ರ ಶುರು. ಯಾರ ಅಪ್ಪಣೆ, ಯಾರ ಹಾಡು, ಯಾರ ಮುಖ ಎಂಬ ತಕರಾರು ಏಳುವುದು ಮಾತ್ರ ವಿಡಿಯೊಗೆ ಹೆಸರು ಬಂದ ಮೇಲೆ. ಆ ಹೊತ್ತಿಗೆ ಬಾಯಿಮಾತಿನ ಒಪ್ಪಿಗೆ ನಿಲ್ಲುವುದಿಲ್ಲ.

ಕಾಡಿನಿಂದಲೇ ಶುರು ಮಾಡೋಣ. ಅಭಯಾರಣ್ಯದೊಳಗಿನ ಚಿತ್ರೀಕರಣಕ್ಕೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ 28ನೇ ಕಲಂ ಪ್ರಕಾರ ಪರವಾನಗಿ ಬೇಕು. ಪ್ರವಾಸಿಯಾಗಿ ಟಿಕೆಟ್ ಪಡೆದು ಒಳಹೋಗುವುದು ಬೇರೆ, ಸಿನಿಮಾ ತೆಗೆಯುವುದು ಬೇರೆ. ಪರವಾನಗಿ ಕೊಡುವ ಅಧಿಕಾರ ಮುಖ್ಯ ವನ್ಯಜೀವಿ ಪರಿಪಾಲಕರದ್ದು. ನೀವು ವಿಚಾರಣೆ ಆರಂಭಿಸಬೇಕಾದದ್ದು ಹತ್ತಿರದ ವಲಯ ಅರಣ್ಯಾಧಿಕಾರಿ ಕಚೇರಿಯಲ್ಲಿ.

ಪರವಾನಗಿ ಸಿಕ್ಕರೆ ಮುಗಿಯಿತು ಅಂದುಕೊಳ್ಳಬೇಡಿ. ಅಮೋಘವರ್ಷ ಮತ್ತು ಕಲ್ಯಾಣ್ ವರ್ಮ ನಿರ್ದೇಶಿಸಿದ 'ವೈಲ್ಡ್ ಕರ್ನಾಟಕ' ಅರಣ್ಯ ಇಲಾಖೆಯ ಸಹಯೋಗದಲ್ಲೇ ತಯಾರಾದ ಸಾಕ್ಷ್ಯಚಿತ್ರ. ಆದರೂ ಇಲಾಖೆಯ ಜತೆಗಿನ ಒಪ್ಪಂದದ ಷರತ್ತು ಮೀರಿ ದೃಶ್ಯಗಳನ್ನು ವ್ಯಾಪಾರಕ್ಕೆ ಬಳಸಲಾಗಿದೆ ಎಂಬ ಆರೋಪದೊಂದಿಗೆ ಸಾರ್ವಜನಿಕ ಹಿತಾಸಕ್ತಿ ಅರ್ಜಿ ಹೈಕೋರ್ಟ್ ಮೆಟ್ಟಿಲೇರಿತು. 2021ರ ಜೂನ್‌ನಲ್ಲಿ ಕೋರ್ಟ್ ಪ್ರಸಾರಕ್ಕೆ ಮಧ್ಯಂತರ ತಡೆ ನೀಡಿತು. ಮರುವರ್ಷ ಬಿಬಿಸಿ, ಡಿಸ್ಕವರಿ, ನೆಟ್‌ಫ್ಲಿಕ್ಸ್‌ಗಳಿಗೂ ನ್ಯಾಯಾಂಗ ನಿಂದನೆಯ ನೋಟಿಸ್ ಹೋಯಿತು. ಅಷ್ಟು ದೊಡ್ಡ ಸಂಸ್ಥೆಗಳ ಪಾಡೇ ಹೀಗಾದರೆ, ನಮ್ಮ ಹುಡುಗರು ಅರ್ಜಿಯಲ್ಲಿ ಎಷ್ಟು ಸ್ಪಷ್ಟವಾಗಿ ಬರೆಯಬೇಕು ಯೋಚಿಸಿ. ಚಿತ್ರೋತ್ಸವಕ್ಕೋ, ಯೂಟ್ಯೂಬ್‌ಗೋ, ಜಾಹೀರಾತಿನ ದುಡ್ಡು ಬರುತ್ತದೆಯೋ, ಮುಂದೆ ಯಾರಿಗಾದರೂ ಮಾರುವ ಉದ್ದೇಶವಿದೆಯೋ, ಎಲ್ಲವನ್ನೂ ಮೊದಲೇ ತಿಳಿಸಿ. ಡ್ರೋನ್ ಇದ್ದರೆ ಅದನ್ನೂ ಹೇಳಿ. 2021ರ ಡ್ರೋನ್ ನಿಯಮಗಳಂತೆ ಅದಕ್ಕೆ ನೋಂದಣಿ ಸಂಖ್ಯೆ ಬೇಕು, ಹಾರಿಸುವ ಜಾಗ ಯಾವ ವಲಯದಲ್ಲಿದೆ ಎಂದು ಡಿಜಿಟಲ್ ಸ್ಕೈ ನಕ್ಷೆಯಲ್ಲಿ ನೋಡಿಕೊಳ್ಳಬೇಕು. ಆ ನೋಂದಣಿ ಇದ್ದ ಮಾತ್ರಕ್ಕೆ ಕಾಡಿನ ಅನುಮತಿ ಬಂದಂತಾಗುವುದಿಲ್ಲ.

ಇನ್ನು ಹಾಡು. ಕೆಲವು ಸೆಕೆಂಡು ಬಳಸಿದರೆ ಕೇಸಾಗದು ಎಂಬ ಮಾತು ಎಲ್ಲೆಡೆ ಓಡಾಡುತ್ತಿದೆ. ಕೃತಿಸ್ವಾಮ್ಯ ಕಾಯ್ದೆಯಲ್ಲಿ ಅಂಥ ಸೆಕೆಂಡಿನ ಲೆಕ್ಕವೇ ಇಲ್ಲ. 'ಬ್ಯಾಚುಲರ್ ಪಾರ್ಟಿ' ಚಿತ್ರದಲ್ಲಿ ಎರಡು ಹಳೆಯ ಹಾಡುಗಳನ್ನು ಅನುಮತಿಯಿಲ್ಲದೆ ಬಳಸಲಾಗಿದೆ ಎಂದು ಎಂಆರ್‌ಟಿ ಮ್ಯೂಸಿಕ್ ದೂರಿದಾಗ, 2024ರ ಆಗಸ್ಟ್‌ನಲ್ಲಿ ದೆಹಲಿ ಹೈಕೋರ್ಟ್ ಚಿತ್ರದ ನಿರ್ಮಾಪಕ ರಕ್ಷಿತ್ ಶೆಟ್ಟಿ ಮತ್ತು ಅವರ ಸಂಸ್ಥೆಗೆ 20 ಲಕ್ಷ ರೂಪಾಯಿ ಠೇವಣಿ ಇಡುವಂತೆ ಹೇಳಿತು. 2022ರ ನವೆಂಬರ್‌ನಲ್ಲಿ ಭಾರತ್ ಜೋಡೊ ಯಾತ್ರೆಯ ವಿಡಿಯೊಗೆ 'ಕೆಜಿಎಫ್ 2' ಹಾಡು ಬಳಸಿದ್ದಕ್ಕೆ, ಕಾಂಗ್ರೆಸ್ಸಿನ ಟ್ವಿಟರ್ ಖಾತೆಯನ್ನೇ ತಡೆಹಿಡಿಯಲು ಬೆಂಗಳೂರಿನ ಕೋರ್ಟ್ ಆದೇಶಿಸಿತ್ತು. ವಿಡಿಯೊ ತೆಗೆದುಹಾಕುವ ಷರತ್ತಿನ ಮೇಲೆ ಕರ್ನಾಟಕ ಹೈಕೋರ್ಟ್ ಆ ಆದೇಶವನ್ನು ರದ್ದು ಮಾಡಿತು. ವಿಮರ್ಶೆ, ಸುದ್ದಿ ವರದಿಗೆ 52ನೇ ಕಲಂ ಒಂದಷ್ಟು ವಿನಾಯಿತಿ ಕೊಡುತ್ತದೆ. ಹಿನ್ನೆಲೆ ಚೆನ್ನಾಗಿರಲಿ ಎಂದು ಹಾಕಿದ ಹಾಡಿಗೆ ಅದು ಸಿಗುವುದಿಲ್ಲ.

ಹಾಗಾದರೆ ಜಾನಪದ ಹಾಡು? ತಲೆಮಾರಿನಿಂದ ಬಂದ ಪದಕ್ಕೆ ಒಡೆಯರಿಲ್ಲದಿರಬಹುದು, ಹಾಡಿದ ಅಜ್ಜಿಗೆ ಮಾತ್ರ ಹಕ್ಕಿದೆ. ಪ್ರದರ್ಶನ ನೀಡಿದವರ ಈ ಹಕ್ಕು 50 ವರ್ಷ ಇರುತ್ತದೆ. ಚಿತ್ರಕ್ಕೆ ಸೇರಿಸಲು ಅವರ ಲಿಖಿತ ಒಪ್ಪಿಗೆ ಪಡೆಯಿರಿ. ಚಿತ್ರದಿಂದ ವ್ಯಾಪಾರವಾದರೆ ಅವರಿಗೂ ರಾಯಧನ ಸಲ್ಲಬೇಕೆಂದು 38ಎ ಕಲಂ ಹೇಳುತ್ತದೆ. ಈ ಭಾಗದ ಸಿದ್ದಿ, ಗೌಳಿ ಮನೆಗಳಿಗೆ ಕ್ಯಾಮೆರಾ ಹಿಡಿದು ಬಂದು, ಚಾ ಕುಡಿದು, ಹಾಡಿಸಿಕೊಂಡು ಹೋಗುವವರು ಇದನ್ನು ಅವರಿಗೆ ತಿಳಿಸಲೇಬೇಕು. ಓದಲು ಬಾರದವರಿಗೆ ಅವರ ಮಾತಿನಲ್ಲೇ ಓದಿ ಹೇಳಿ, ಊರಿನ ಸಾಕ್ಷಿಯೊಬ್ಬರ ಮುಂದೆ ಸಹಿ ಅಥವಾ ಹೆಬ್ಬೆಟ್ಟು ಪಡೆಯಿರಿ. ಒಂದು ಪ್ರತಿ ಅವರ ಮನೆಯಲ್ಲೇ ಇರಲಿ.

ಮದುವೆ ವಿಡಿಯೊ ಮಾಡುವವರಿಗೂ ಒಂದು ಮಾತು. ಬೇರೆ ಕರಾರು ಇಲ್ಲದಿದ್ದರೆ, ದುಡ್ಡು ಕೊಟ್ಟು ಮಾಡಿಸಿದವರೇ ಆ ವಿಡಿಯೊದ ಮೊದಲ ಹಕ್ಕುದಾರರು. ನಿಮ್ಮ ಚಾನೆಲ್‌ಗೆ ತುಣುಕು ಹಾಕಿಕೊಳ್ಳುವ ಆಸೆಯಿದ್ದರೆ ಮುಂಗಡ ಪಡೆಯುವಾಗಲೇ ಬರೆಸಿಕೊಳ್ಳಿ. ಇನ್ನೊಬ್ಬರಿಗೆ ಹಕ್ಕು ಬರೆದುಕೊಡುವಾಗ ಅವಧಿ ನಮೂದಿಸಿ. ನಮೂದಿಸದಿದ್ದರೆ ಕಾಯ್ದೆ ಅದನ್ನು 5 ವರ್ಷವೆಂದೇ ಎಣಿಸುತ್ತದೆ.

ದೃಶ್ಯದಲ್ಲಿ ಮಕ್ಕಳಿದ್ದರೆ ತಂದೆತಾಯಿಯ ಲಿಖಿತ ಒಪ್ಪಿಗೆ ಬೇಕು. ಪೋಕ್ಸೊ ಪ್ರಕರಣದ ಮಗುವಿನ ಹೆಸರು, ಮುಖ, ಮನೆ, ಶಾಲೆ ಯಾವುದನ್ನೂ ತೋರಿಸಬಾರದು. ಮರುಕದಿಂದ ತೋರಿಸಿದರೂ ಅಪರಾಧವೇ. ದೇವಸ್ಥಾನ, ಮಠಗಳ ಒಳಗೆ ಆಡಳಿತದವರನ್ನು ಕೇಳಿ. ವಿದೇಶಿ ಗೆಳೆಯರು ಟಿಬೆಟನ್ ಕಾಲೊನಿಗೆ ಬರುವುದಿದ್ದರೆ ಅವರಿಗೆ ಕೇಂದ್ರ ಗೃಹ ಇಲಾಖೆಯ ಪರ್ಮಿಟ್ ಮೊದಲೇ ಬೇಕು.

ಪೊಲೀಸರು ಫೋನ್ ವಶಪಡಿಸಿಕೊಂಡರೆ ಜಗಳಕ್ಕೆ ನಿಲ್ಲಬೇಡಿ, ವಶಪಡಿಸಿಕೊಂಡ ವಸ್ತುಗಳ ಪಟ್ಟಿಯ ಪ್ರತಿ ಕೇಳಿ. ಆ ಪಟ್ಟಿಯನ್ನು ಸಾಕ್ಷಿಗಳ ಸಹಿಯೊಂದಿಗೆ ತಯಾರಿಸಬೇಕು, ಇಡೀ ಪ್ರಕ್ರಿಯೆಯನ್ನು ವಿಡಿಯೊ ಮಾಡಬೇಕು ಎಂದು ನಾಗರಿಕ ಸುರಕ್ಷಾ ಸಂಹಿತೆಯ 105ನೇ ಕಲಂ ಹೇಳುತ್ತದೆ.

ಯೂಟ್ಯೂಬ್‌ಗೆ ಸೆನ್ಸಾರ್ ಪ್ರಮಾಣಪತ್ರ ಬೇಡ. ಥಿಯೇಟರ್‌ನಲ್ಲೋ ಸಾರ್ವಜನಿಕ ಪ್ರದರ್ಶನದಲ್ಲೋ ತೋರಿಸುವುದಾದರೆ ಬೇಕು. ಸೆನ್ಸಾರ್ ಮಂಡಳಿಯ ಪ್ರಾದೇಶಿಕ ಕಚೇರಿ ಬೆಂಗಳೂರಿನಲ್ಲಿದೆ, ಅರ್ಜಿ ಆನ್‌ಲೈನ್.

ನಿಮ್ಮ ವಿಡಿಯೊವನ್ನೇ ಬೇರೆಯವರು ಕದ್ದರೆ? ನೋಂದಣಿ ಮಾಡಿಸದಿದ್ದರೂ ಕೃತಿಸ್ವಾಮ್ಯ ನಿಮ್ಮದೇ. ಮೊದಲು ಆ ವೇದಿಕೆಯ ಕುಂದುಕೊರತೆ ಅಧಿಕಾರಿಗೆ ಲಿಖಿತ ದೂರು ಕೊಡಿ. ವಂಚನೆ, ಬೆದರಿಕೆ ಇದ್ದರೆ ಸೈಬರ್ ಅಪರಾಧ ಸಹಾಯವಾಣಿ 1930ಕ್ಕೆ ಕರೆ ಮಾಡಿ ಅಥವಾ ಠಾಣೆಗೆ ಹೋಗಿ. ವಕೀಲರಿಗೆ ಕೊಡಲು ದುಡ್ಡಿಲ್ಲವೆಂದು ಸುಮ್ಮನಾಗಬೇಡಿ. ಮಹಿಳೆಯರಿಗೆ, ಪರಿಶಿಷ್ಟ ಜಾತಿ ಪಂಗಡದವರಿಗೆ, ಅಂಗವಿಕಲರಿಗೆ ಆದಾಯ ಎಷ್ಟಿದ್ದರೂ ಉಚಿತ ಕಾನೂನು ನೆರವಿದೆ, ಉಳಿದವರಲ್ಲಿ ಹೆಚ್ಚಿನವರಿಗೆ ಆದಾಯದ ಮಿತಿಯೊಳಗೆ. ತಾಲ್ಲೂಕು ಕಾನೂನು ಸೇವಾ ಸಮಿತಿಯಲ್ಲಿ ಕೇಳಿ, ಇಲ್ಲವೆ 15100ಕ್ಕೆ ಕರೆ ಮಾಡಿ. ಹೋಗುವಾಗ ಒಪ್ಪಿಗೆ ಪತ್ರಗಳು, ಪರವಾನಗಿ, ಕದ್ದ ವಿಡಿಯೊದ ಲಿಂಕ್, ದಿನಾಂಕವಿರುವ ಸ್ಕ್ರೀನ್‌ಶಾಟ್ ಇರಲಿ. ಎಡಿಟ್ ಮಾಡದ ಮೂಲ ಫೈಲನ್ನಂತೂ ಜಾಗ ಸಾಲದೆಂದು ಅಳಿಸಬೇಡಿ. ಕೋರ್ಟಿನಲ್ಲಿ ನಿಮ್ಮ ಗಟ್ಟಿ ಸಾಕ್ಷ್ಯ ಅದೇ.