ಜ್ಯಾಂಗೋ ಕಲಿಯಲು ಯಾರ ಕೋಡ್ ಓದಬೇಕು?

ಪ್ರಶ್ನೆ: ಜ್ಯಾಂಗೋ ಪಾಠಗಳೆಲ್ಲ ಮುಗಿದಿವೆ. ಒಳ್ಳೆಯ ಪದ್ಧತಿ ಕಲಿಯಲು ಯಾವ ಓಪನ್ ಸೋರ್ಸ್ ಪ್ರಾಜೆಕ್ಟ್ ನೋಡಲಿ?

ಉತ್ತರ: ಗಿಟ್‌ಹಬ್‌ನ ಸ್ಟಾರ್ ನೋಡಿ ಆರಿಸಬೇಡಿ; ಅವು ಜನಪ್ರಿಯತೆಯನ್ನಷ್ಟೇ ಹೇಳುತ್ತವೆ. ನಿಜವಾದ ಬಳಕೆದಾರರಿದ್ದು, ವರ್ಷಗಟ್ಟಲೆ ಹಲವರು ತಿದ್ದುತ್ತ ಬಂದ ಪ್ರಾಜೆಕ್ಟ್ ಹುಡುಕಿ. ಪದ್ಧತಿಗಳು ಪರೀಕ್ಷೆಗೊಳಗಾಗುವುದು ಅಲ್ಲೇ. ನನ್ನ ಮೊದಲ ಸಲಹೆ ಜುಲಿಪ್. 2015ರಲ್ಲಿ ಓಪನ್ ಸೋರ್ಸ್ ಆದ ಈ ಚಾಟ್ ತಂತ್ರಾಂಶದ ಸರ್ವರ್ ಜ್ಯಾಂಗೋದಲ್ಲಿದೆ. ಟೆಸ್ಟ್‌ಗಳು ಹೇರಳವಾಗಿವೆ, ಪೈಥಾನ್ ಕೋಡ್‌ಗೆ ಟೈಪ್ ಸೂಚನೆಗಳಿವೆ, ಹೊಸಬರಿಗೆಂದೇ ಬರೆದ ವಿವರವಾದ ಕೈಪಿಡಿಯಿದೆ. ಬೇರೆಯವರೂ ಬಳಸಬಹುದಾದ ಆ್ಯಪ್‌ಗಳನ್ನು ವಿಂಗಡಿಸುವ ಬಗೆ ತಿಳಿಯಲು ವ್ಯಾಗ್‌ಟೇಲ್, ಇಡೀ ಜಾಲತಾಣದ ರಚನೆ ತಿಳಿಯಲು ರೀಡ್ ದ ಡಾಕ್ಸ್ ಓದಿ.

ಇಷ್ಟು ದೊಡ್ಡ ಕೋಡ್ ದಕ್ಕೀತೇ, ಚಿಕ್ಕ ಮಾದರಿ ಸಾಲದೇ ಎಂದು ನೀವು ಕೇಳಬಹುದು. ಚಿಕ್ಕ ಮಾದರಿಯಲ್ಲಿ ಹಳೆಯ ಡೇಟಾ ಕೆಡದಂತೆ ಮೈಗ್ರೇಷನ್ ಬರೆಯುವಂಥ ಕಷ್ಟಗಳು ಎದುರಾಗುವುದೇ ಅಪರೂಪ. ಹಾಗಾಗಿ ದೊಡ್ಡದನ್ನೇ ಆರಿಸಿ, ಓದುವ ಭಾಗವನ್ನು ಚಿಕ್ಕದಾಗಿಸಿ: ಮುಗಿದ ಒಂದು ಪುಲ್ ರಿಕ್ವೆಸ್ಟ್ ಹಿಡಿದು ಮಾಡೆಲ್‌ನಿಂದ ವ್ಯೂ, ಅಲ್ಲಿಂದ ಟೆಸ್ಟ್‌ವರೆಗೆ ಸಾಗಿ, ಪರಿಶೀಲಿಸಿದವರು ಏನನ್ನು ತಿದ್ದಿಸಿದರು, ಏಕೆ ಎಂದು ಗಮನಿಸಿ. ಹಳೆಯ ಪ್ರಾಜೆಕ್ಟ್‌ಗಳಲ್ಲಿ ರಾಜಿಗಳೂ ಇರುತ್ತವೆ, ನಿಜ. ಅವುಗಳ ಕಾರಣವನ್ನು ಕಮಿಟ್ ಇತಿಹಾಸದಲ್ಲಿ ಹುಡುಕಿ. ಕಾರಣ ತಿಳಿಯದ ಯಾವುದನ್ನೂ ನಕಲು ಮಾಡಬೇಡಿ.