ಗಾಡಿ ಬಂತು, ಆರ್‌ಸಿ ಬರಲಿಲ್ಲ

ತುರುವೇಕೆರೆಯ ಓದುಗರೇ,

ಕೊಬ್ಬರಿ ಮಾರಿದ ದುಡ್ಡು ಒಟ್ಟಿಗೆ ಎಣಿಸಿ ತಿಪಟೂರಿನಲ್ಲಿ ಸ್ಕೂಟರ್ ಕೊಂಡಿದ್ದೀರಿ. ತಾತ್ಕಾಲಿಕ ನೋಂದಣಿಯ ಅವಧಿ ಮುಗಿದರೂ ಶೋರೂಮಿನವರದು ‘ನಾಳೆ ಬನ್ನಿ’ ಎಂಬ ಒಂದೇ ಮಾತು. ನಿಮ್ಮ ಸಿಟ್ಟು ನ್ಯಾಯವಾದದ್ದೇ. ರಾಜ್ಯದೊಳಗೆ ಮಾರಿದ ಹೊಸ ವಾಹನದ ನೋಂದಣಿಗೆ ಅರ್ಜಿ ಹಾಕುವುದು ಡೀಲರನ ಹೊಣೆ. ಮೋಟಾರು ವಾಹನ ಕಾಯ್ದೆಯ 2019ರ ತಿದ್ದುಪಡಿ ಹಾಗೆಂದೇ ಹೇಳುತ್ತದೆ.

ಇನ್ನು ಸುಮ್ಮನೆ ಬಸ್ಸು ಹತ್ತಬೇಡಿ. ಚಾಸಿ ನಂಬರ್ ಹಿಡಿದು ತಿಪಟೂರು ಆರ್‌ಟಿಒದಲ್ಲಿ ಅರ್ಜಿ, ತೆರಿಗೆ ಬಂದಿದೆಯೇ ವಿಚಾರಿಸಿ. ನಿಮ್ಮ ಬಿಲ್ಲಿನಲ್ಲಿರುವ ‘ಹ್ಯಾಂಡ್ಲಿಂಗ್ ಚಾರ್ಜ್’ ಸರ್ಕಾರದ ಶುಲ್ಕವಲ್ಲ, ಅದೇಕೆಂದು ಶೋರೂಮಿನವರನ್ನು ಬರಹದಲ್ಲೇ ಕೇಳಿ. ವಿಮೆಯನ್ನೂ ಅವರಲ್ಲೇ ಮಾಡಿಸಬೇಕಿರಲಿಲ್ಲ.

ಸ್ಪೀಡ್ ಪೋಸ್ಟ್‌ನಲ್ಲಿ 15 ದಿನಗಳ ಗಡುವಿನ ನೋಟಿಸ್ ಕಳಿಸಿ. ಒಂದು ಪ್ರತಿ ಕಂಪನಿಗೂ ಹೋಗಲಿ. ಬಗ್ಗದಿದ್ದರೆ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ. ಅದಕ್ಕೂ ಜಗ್ಗದಿದ್ದರೆ ತುಮಕೂರಿನ ಜಿಲ್ಲಾ ಗ್ರಾಹಕರ ಆಯೋಗವಿದೆ. 5 ಲಕ್ಷದೊಳಗಿನ ಖರೀದಿಗೆ ಶುಲ್ಕವಿಲ್ಲ, ವಕೀಲರೂ ಕಡ್ಡಾಯವಲ್ಲ. 2 ವರ್ಷದೊಳಗೆ ದೂರು ಕೊಡಬೇಕು, ಅಷ್ಟೇ.

ಒಂದು ಮಾತು ದಯವಿಟ್ಟು ಕೇಳಿ. ನಂಬರ್ ಬರುವವರೆಗೆ ಗಾಡಿ ರಸ್ತೆಗಿಳಿಸಬೇಡಿ. ತಾತ್ಕಾಲಿಕ ನೋಂದಣಿ ಮುಗಿದ ವಾಹನ ಕಳುವಾದ ಪ್ರಕರಣವೊಂದರಲ್ಲಿ ವಿಮಾ ಪರಿಹಾರ ಸಲ್ಲದೆಂದು ಸುಪ್ರೀಂ ಕೋರ್ಟ್ 2021ರಲ್ಲಿ ತೀರ್ಪು ಕೊಟ್ಟಿದೆ.